ಮೂಟೆ ಮಾಮನ ಒಂದು ಸುತ್ತು

ಇಷ್ಟೆಲ್ಲ ಫಜೀತಿಗೆ ಕಾರಣ ಒಂದು ಮರಳಿನ ಮೂಟೆ ಒಡೆದಿದ್ದು. ಅದು ಒಡೆಯದೇ ಇದ್ದಿದ್ದರೆ ನಮ್ಮ ಸ್ಟೋರ್ ಕೀಪರ್ ತನ್ನ ಪಾಡಿಗೆ ತಾನು ನಟ್ಟು ಬೋಲ್ಟು ಕೊಟ್ಟುಕೊಂಡು, ಸಂಜೆ ಮನೆಗೆ ಹೋಗಿ ಉಂಡು ಮಲಗಿ, ಯಾವ ಆಸೆಯೂ ಇಲ್ಲದೆ ಸುಖವಾಗಿ ಮುದುಕನಾಗುತ್ತಿದ್ದ.

ಅವನಿದ್ದದ್ದು ರೇಸ್ ಕಾರಿನ ಗ್ಯಾರೇಜಿನಲ್ಲಿ. ಕಿರಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಓಡುವ ಕಾರು. ಒಬ್ಬರೇ ಕೂರೋ ಕಾರು ಅದು. ತಲೆ ಮೇಲೆ ಸೂರಿಲ್ಲ, ನಾಲ್ಕು ಚಕ್ರವೂ ಹೊರಗೆ, ನೋಡೋಕೆ ಮಿಡತೆ ಕಾಲು ಚಾಚಿ ಮಲಗಿದ ಹಾಗೆ. ಓಡಿಸುವವರು ಮೀಸೆ ಇನ್ನೂ ಚಿಗುರದ ಹುಡುಗರು, ಎರಡು ಜಡೆ ಬಿಟ್ಟು ಇನ್ನೂ ವರ್ಷವಾಗದ ಹುಡುಗಿಯರು. ಈ ಮಕ್ಕಳು ಬೀದಿಯಲ್ಲಿ ಸ್ಕೂಟರ್ ಮುಟ್ಟಿದರೆ ಪೊಲೀಸ್ ಹಿಡೀತಾನೆ. ಟ್ರ್ಯಾಕಿನಲ್ಲಿ ಗಾಳಿಯನ್ನೇ ಹಿಂದೆ ಹಾಕಿದರೆ ಕಪ್ ಕೊಡ್ತಾರೆ. ಲೋಕದ ನ್ಯಾಯ ಹೀಗೇ.

ಎಲ್ಲ ತಂಡಕ್ಕೂ ಒಂದೇ ಕಂಪನಿಯ ಕಾರು, ಒಂದೇ ಎಂಜಿನ್ನು, ಒಂದೇ ಟೈರು. ಹಾಗಾಗಿ ಗೆಲ್ಲೋದೂ ಸೋಲೋದೂ ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತೆ ಅನ್ನೋ ಕೂದಲೆಳೆಯ ಲೆಕ್ಕದಲ್ಲಿ. ಅದನ್ನ ಸರಿ ಮಾಡೋಕೆ ಪ್ರತಿ ಚಕ್ರದಡಿ ಒಂದೊಂದು ತೂಕದ ಹಲಗೆ ಇಟ್ಟು, ಡ್ರೈವರನ್ನ ಸೀಟಲ್ಲಿ ಕೂರಿಸಿ, ಸ್ಕ್ರೂ ತಿರುಗಿಸ್ತಾ ಹೋಗಬೇಕು. ಈ ಗ್ಯಾರೇಜಿನ ಡ್ರೈವರ್ ಒಬ್ಬಳು ಹೈಸ್ಕೂಲು ಹುಡುಗಿ. ಅವಳಿರೋದು ಬೇರೆ ಊರಲ್ಲಿ, ಬರೋದು ರೇಸ್ ಇದ್ದಾಗ ಮಾತ್ರ. ಅದಕ್ಕೇ ಅವಳ ಬದಲಿಗೆ ಅವಳಷ್ಟೇ ಭಾರದ ಮರಳಿನ ಮೂಟೆಗಳನ್ನ ಸೀಟಿಗೆ ಹಾಕಿ, ಬೆಲ್ಟು ಬಿಗಿದು, ಕೆಲಸ ಸಾಗಿಸೋರು.

ಒಂದು ದಿನ ಮೂಟೆ ಒಡೀತು. ಮರಳು ಸೀಟಿನ ಸಂದಿಯಿಂದ ಸೋರಿ, ಪೆಡಲ್ಲಿಗೆ ಹೋಗಿ, ಸ್ಟಿಯರಿಂಗಿನ ಬುಡಕ್ಕೆ ಹೋಗಿ, ಕೊನೆಗೆ ಹೆಡ್ ಮೆಕ್ಯಾನಿಕ್ಕಿನ ತಲೆಗೇ ಹೋಯಿತು. ಅವನು ಕೆಂಗಣ್ಣು ಬಿಟ್ಟು ತಲೆಯೆತ್ತಿದಾಗ ಎದುರಿಗೆ ಕಂಡಿದ್ದು, ಬಾಗಿಲಿಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದ ಸ್ಟೋರ್ ಕೀಪರ್. ಗಾಳಿ ಬಂದರೆ ಕಂಬ ಹಿಡ್ಕೊಬೇಕು, ಅಂಥ ಆಳು. ಹಿಡಿದು ಹಲಗೆ ಮೇಲೆ ನಿಲ್ಲಿಸಿದರು. ಸರಿಯಾಗಿ ಆ ಹುಡುಗಿಯ ತೂಕ. ಬಾಳೆಹಣ್ಣು ಸೇರಿ.

ಅವತ್ತಿಂದ ಅವನ ಹೆಸರು ಮೂಟೆ. ಹುಡುಗಿ ಮಾತ್ರ ಮರ್ಯಾದೆ ಸೇರಿಸಿ ಮೂಟೆ ಮಾಮ ಅಂತಿದ್ದಳು.

ಕೆಲಸ ಏನೂ ಕಷ್ಟದ್ದಲ್ಲ. ರೇಸಿನ ದಿನವೂ ಹುಡುಗಿ ತಯಾರಾಗಿ ಬರೋ ತನಕ ಸೀಟಲ್ಲಿ ಅವನೇ. ಕೂತಿರಬೇಕು. ಅಲ್ಲಾಡಬಾರದು, ಕೆರೆದುಕೊಳ್ಳಬಾರದು, ಮೂಗಿನ ಮೇಲೆ ನೊಣ ಕೂತರೆ ಅದನ್ನೂ ತೂಕಕ್ಕೆ ಸೇರಿಸಿಕೊಳ್ಳಬೇಕು. ಕಷ್ಟ ಆಗಿದ್ದು ಮೂಟೆಯ ಮನೆಯಲ್ಲಿ. ಬೆಳೆಯೋ ವಯಸ್ಸಿನ ಹುಡುಗಿ, ಅವಳ ತೂಕ ಒಂದೇ ಕಡೆ ನಿಲ್ಲುತ್ತಾ? ಅವಳು ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ಒಂದು ಸುತ್ತು ದಪ್ಪಗಾದರೆ, ಇಲ್ಲಿ ಮೂಟೆ ಬೇಡ ಬೇಡ ಅಂದರೂ ಹೆಂಡತಿ ಇನ್ನೊಂದು ಸೌಟು ಹಾಕಬೇಕು. ಅವಳು ಪರೀಕ್ಷೆಗೆ ಓದಿ ಸೊರಗಿದರೆ ಇಲ್ಲಿ ಮೂಟೆಗೆ ಉಪವಾಸ. ಯಾರೋ ಮಗು ಗಣಿತದಲ್ಲಿ ಫೇಲಾಗೋ ಭಯಕ್ಕೆ ನಾನು ಗಂಡನಿಗೆ ಅನ್ನ ಹಾಕದೆ ಮಲಗಿಸಬೇಕಲ್ಲ, ಇದೆಂಥ ಕರ್ಮ ಅಂತ ಆಕೆ ಎದುರುಮನೆ ಟೈಲರಿನ ಹತ್ತಿರ ಹೇಳಿಕೊಂಡಿದ್ದಳು. ಟೈಲರಿಗೆ ಹೇಳೋದೂ ಒಂದೇ, ಬೀದಿಗೆ ಮೈಕು ಕಟ್ಟಿಸೋದೂ ಒಂದೇ.

ಮೊದಮೊದಲು ಮೂಟೆಗೂ ಏನೂ ಅನ್ನಿಸಲಿಲ್ಲ. ಆಮೇಲೆ ನಿಧಾನಕ್ಕೆ ಹತ್ತಿತು ನೋಡಿ. ಗ್ಯಾರೇಜಿನಲ್ಲಿ ಕಾರು ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಗೋಡೆಯಲ್ಲೊಂದು ಬಿರುಕು. ನೆಲದಿಂದ ಎದ್ದು, ಎಡಕ್ಕೆ ಬಾಗಿ, ಬಲಕ್ಕೆ ಹೊರಳಿ, ಮೇಲೆ ಹೋಗಿ ಮಾಯವಾಗುತ್ತಿತ್ತು. ಸ್ಕ್ರೂ ತಿರುಗಿಸುವಷ್ಟು ಹೊತ್ತೂ ಅವನು ಆ ಬಿರುಕನ್ನೇ ನೋಡೋನು. ನೋಡ್ತಾ ನೋಡ್ತಾ ಅದು ರಸ್ತೆಯಾಯಿತು. ಮನೆಗೆ ಬಂದು ಕಣ್ಣು ಮುಚ್ಚಿದರೂ ಅದೇ ರಸ್ತೆ. ಇಡೀ ಆಯುಸ್ಸಿನಲ್ಲಿ ಅವನು ಓಡಿಸಿದ್ದು ಸೈಕಲ್ಲು, ಭಾವಮೈದುನನ ಸ್ಕೂಟರು. ಈಗ ಬೆನ್ನಿನ ಕೆಳಗೆ ಬೆಂಕಿಯಂಥ ಕಾರು, ಕೈಯಲ್ಲಿ ಸ್ಟಿಯರಿಂಗು, ಮುಂದೆ ಗೋಡೆ. ಮದುವೆ ಮನೆ ಬಾಗಿಲಲ್ಲಿ ಚಪ್ಪಲಿ ಕಾಯೋ ಕೆಲಸ ಇದ್ದ ಹಾಗೆ. ವಾಸನೆಯೆಲ್ಲ ನಿನ್ನದು, ಊಟ ಮಾತ್ರ ಅವರದು.

ಒಂದು ದಿನ ಧಣಿಗಳು, ಅಂದ್ರೆ ತಂಡದ ಮಾಲೀಕರು, ಒಳ್ಳೇ ಖುಷಿಯಲ್ಲಿದ್ದಾಗ ಇವನು ಬಾಯಿಬಿಟ್ಟು ಕೇಳಿಯೇಬಿಟ್ಟ. ಒಂದೇ ಒಂದು ಸುತ್ತು. ಧಣಿಗಳು ನಗಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಅಂದರು:

"ಸೀಸನ್ ಮುಗೀಲಿ ಕಣೋ. ಕೊನೇ ರೇಸಿನ ದಿನ ಸಂಜೆ, ಕಾರು ನೆಟ್ಟಗಿದ್ರೆ, ಒಂದು ಸುತ್ತು ನಿಂದು."

ಹೆಡ್ ಮೆಕ್ಯಾನಿಕ್ ಒಂದು ಷರತ್ತು ಸೇರಿಸಿದ. ಹುಡುಗಿಗೆ ಮಾತ್ರ ಹೇಳಕೂಡದು. ತನ್ನ ಕಾರನ್ನ ಇನ್ನೊಬ್ಬರು ಓಡಿಸ್ತಾರೆ ಅಂತ ರೇಸಿಗೆ ಮುಂಚೆ ಡ್ರೈವರಿನ ಕಿವಿಗೆ ಬಿದ್ದರೆ ಮನಸ್ಸು ಕೆಡುತ್ತೆ, ಅದು ಅಪಶಕುನ ಅಂತ ರೇಸಿನವರ ನಂಬಿಕೆ. ಮೂಟೆ ಹುಡುಗಿಗೆ ಹೇಳಲಿಲ್ಲ. ಹೆಂಡತಿಗೆ ಹೇಳಿದ. ಹಾಗಾಗಿ ಬೀದಿಗೆ ಬೀದಿಗೇ ಗೊತ್ತಾಯಿತು, ಹುಡುಗಿಯೊಬ್ಬಳನ್ನ ಬಿಟ್ಟು.

ಆಮೇಲಿನ ಸೀಸನ್ ಪೂರ್ತಿ ಎಲ್ಲರೂ ಹುಡುಗಿ ಎಷ್ಟನೆಯವಳಾಗಿ ಬಂದಳು ಅಂತ ನೋಡಿದರೆ, ಮೂಟೆ ಕಾರು ಎಷ್ಟು ಬಂತು ಅಂತ ನೋಡುತ್ತಿದ್ದ. ಅವಳು ಗೆದ್ದು ಕೈಯೆತ್ತಿದರೆ ಇವನು ಬಗ್ಗಿ ಕಾರಿನ ಹೊಟ್ಟೆ ತಡವೋನು. ಒಂದು ರೇಸಲ್ಲಿ ಯಾರೋ ಪಕ್ಕದಿಂದ ಬಂದು ಗುದ್ದಿದಾಗ ಮೂಟೆ ಗೋಡೆಯಾಚೆ ನಿಂತೇ ತನ್ನ ಪಕ್ಕೆಲುಬು ಹಿಡಿದುಕೊಂಡ. ಇನ್ನೊಂದು ರೇಸಲ್ಲಿ ಮಳೆ ಬಂದು ಅರ್ಧಕ್ಕರ್ಧ ಕಾರುಗಳು ಹುಲ್ಲು ಮೇಯೋಕೆ ಹೋದಾಗ ಅವನು ಕಣ್ಣು ಬಿಡಲೇ ಇಲ್ಲ. ಮೂರನೆಯವಳಾಗಿ ಬಂದಳಂತೆ. ಚಕ್ರ ಎಷ್ಟು ಬಂದವು ಅಂತ ಕೇಳಿದ.

ಹೀಗೆ ಉಸಿರು ಹಿಡಿದು ಹಿಡಿದು ಕೊನೇ ರೇಸಿನ ದಿನ ಬಂತು.

ಲೆಕ್ಕ ಸುಲಭವಿತ್ತು. ಹುಡುಗಿಗೂ ಪಕ್ಕದ ಗ್ಯಾರೇಜಿನ ಹುಡುಗನಿಗೂ ಸೀಸನ್ನಿನ ಅಂಕ ಸಮ ಸಮ. ಇವತ್ತು ಇಬ್ಬರಲ್ಲಿ ಯಾರು ಮುಂದೋ ಅವರೇ ಚಾಂಪಿಯನ್. ಧಣಿಗಳು ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲದೆ ಹುಡುಗಿಗೆ ಹೇಳುತ್ತಿದ್ದದ್ದು ಒಂದೇ ಮಾತು. ಮೊದಲ ತಿರುವಲ್ಲೇ ನುಗ್ಗು, ಯಾರಿಗೂ ಜಾಗ ಬಿಡಬೇಡ, ಕಾರು ಮುರಿದರೆ ಮುರೀಲಿ. ಆ ಕೊನೇ ಮಾತು ಕೇಳಿದಾಗೆಲ್ಲ ಮೂಟೆ ಹೋಗಿ ಕಾರಿನ ಮೂತಿ ಸವರಿ ಬರುತ್ತಿದ್ದ.

ಬೆಳಗಿನ ಅಭ್ಯಾಸದಲ್ಲೇ ಅವಳು ನುಗ್ಗಿದಳು. ನುಗ್ಗಿದ್ದು ಟೈರು ಪೇರಿಸಿದ ಗೋಡೆಗೆ. ಹುಡುಗಿಗೆ ಏನೂ ಆಗಲಿಲ್ಲ, ಕಾರಿನ ಮುಂದಿನ ಮೂತಿ ಮಾತ್ರ ಹಪ್ಪಳ. ಹೊಸ ಮೂತಿ ತಾ ಅಂತ ಹೆಡ್ ಮೆಕ್ಯಾನಿಕ್ ಕೂಗಿದ. ಸ್ಟಾಕ್ ಮುಗಿದಿದೆ ಅಂದ ಮೂಟೆ. ಮುಗಿದಿರಲಿಲ್ಲ. ಸಂಜೆ ತನ್ನ ಸುತ್ತಿನ ಹೊತ್ತಿಗೆ ಬೇಕಾದೀತು ಅಂತ ಒಂದನ್ನ ಎತ್ತಿಟ್ಟಿದ್ದ. ಹೆಡ್ ಮೆಕ್ಯಾನಿಕ್ ಸಾಮಾನಿನ ಟ್ರಕ್ಕಿಗೆ ಹತ್ತಿ, ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಮೂತಿಯನ್ನ ಎಳೆದು ತಂದು, ಇದು ಯಾರು ನಿನ್ನ ಅತ್ತೇನಾ ಅಂತ ಕೇಳಿದ. ಮೂಟೆ ಕಂಬಳಿ ಮಡಚಿಟ್ಟ.

ಆ ಮೂತಿ ಕೂರಿಸುವಷ್ಟರಲ್ಲಿ ಪಕ್ಕದ ಗ್ಯಾರೇಜಿನ ಯಜಮಾನ ಬಂದ. ಅವನ ಹುಡುಗನ ಕಾರಲ್ಲಿ ಚಕ್ರ ಹಿಡಿಯೋ ಆರ್ಮು ಬಾಗಿದೆಯಂತೆ, ಒಂದು ಬೇಕಂತೆ. ರೇಸಿನವರಲ್ಲಿ ಒಂದು ಪದ್ಧತಿ. ಟ್ರ್ಯಾಕಿನ ಮೇಲೆ ಕತ್ತು ಹಿಸುಕಿದರೂ ಚಿಂತೆಯಿಲ್ಲ, ಗ್ಯಾರೇಜಿಗೆ ಬಂದು ಸಾಮಾನು ಕೇಳಿದವನಿಗೆ ಇಲ್ಲ ಅನ್ನಬಾರದು. ಎಲ್ಲರದೂ ಒಂದೇ ಕಾರು, ಇವತ್ತು ನೀನು ನಾಳೆ ನಾನು. ಸ್ಟೋರಿನಲ್ಲಿ ಉಳಿದಿದ್ದದ್ದೇ ಆ ಒಂದು ಆರ್ಮು. ಮೂಟೆ ಕಣ್ಣಲ್ಲೇ ಧಣಿಗಳನ್ನ ಬೇಡಿಕೊಂಡ. ಧಣಿಗಳಿಗೆ ಅವತ್ತೇ ಕರ್ಣನ ಆವೇಶ ಬರಬೇಕೆ. ಕೊಡೋ, ಅವನು ಓಡದೇ ನಾವು ಗೆದ್ದರೆ ಅದೂ ಒಂದು ಗೆಲುವಾ ಅಂದರು. ಮೂಟೆ ಮಗಳನ್ನ ಕೊಟ್ಟ ಹಾಗೆ ಎರಡು ಕೈಯಲ್ಲಿ ಎತ್ತಿ ಕೊಟ್ಟ.

ಈಗ ಹುಡುಗಿಯ ಕಾರಿಗೆ ಒಂದು ಪೆಟ್ಟು ಬಿದ್ದರೂ ಮುಗೀತು. ಹಾಕೋಕೆ ಬದಲಿ ಇಲ್ಲ.

ಅಷ್ಟರಲ್ಲಿ ಬೇಲಿಯ ಆಚೆ ಒಂದು ಬಾಡಿಗೆ ವ್ಯಾನು ಬಂದು ನಿಂತು, ಅದರ ಹೊಟ್ಟೆಯಿಂದ ಇಡೀ ಬೀದಿ ಇಳೀತು. ಮುಂದೆ ಟೈಲರು, ಹಿಂದೆ ರಿಟೈರ್ಡ್ ಮೇಷ್ಟ್ರು, ಅವರ ಹಿಂದೆ ಮಕ್ಕಳು ಮರಿ, ಕೊನೆಯಲ್ಲಿ ಊಟದ ಬುತ್ತಿ ಹಿಡಿದ ಮೂಟೆಯ ಹೆಂಡತಿ. ಟೈಲರು ಗಂಟಲು ಸರಿಮಾಡಿಕೊಂಡು, ನಿಮ್ಮ ರೇಸು ಎಷ್ಟನೇದು ಅಂತ ಕೇಳಿದ. ಅದು ರೇಸಲ್ಲಪ್ಪ, ಎಲ್ಲ ಮುಗಿದ ಮೇಲೆ ಒಬ್ಬನೇ ಒಂದು ಸುತ್ತು ಅಂದರೆ ಅವನಿಗೆ ಇನ್ನೂ ಖುಷಿ. ಹಾಗಾದ್ರೆ ಗೆಲ್ಲೋದು ಗ್ಯಾರಂಟಿ ಅಂದ. ಒಂದು ಬ್ಯಾನರ್ ಬೇರೆ ಹೊಲಿದು ತಂದಿದ್ದ. ಹುಡುಗಿ ನೋಡಿದರೆ ಕೆಡ್ತು ಅಂತ ಮೂಟೆ ಕೈ ಮುಗಿದು ಅದನ್ನ ಮಡಚಿಸಿದ. ಟೈಲರು ಮುಖ ದಪ್ಪ ಮಾಡಿಕೊಂಡು ಅದನ್ನೇ ಹಾಸಿ ಅದರ ಮೇಲೆ ಕೂತ. ಮೇಷ್ಟ್ರು ಮಾತ್ರ ಮೂಟೆಯನ್ನ ಪಕ್ಕಕ್ಕೆ ಕರೆದು, ತಿರುವು ಬಂದಾಗ ಮರೀದೆ ಹಾರ್ನ್ ಹೊಡೀಪ್ಪಾ ಅಂತ ಉಪದೇಶ ಮಾಡಿದರು.

ಹೆಂಡತಿ ಬೇಲಿಯ ಸಂದಿಯಿಂದ ತನ್ನ ತಮ್ಮನ ಸ್ಕೂಟರ್ ಹೆಲ್ಮೆಟ್ಟು ಕೊಟ್ಟಳು. ಒಳಗೆ ಒರೆಸಿ, ಹೊಸ ಬಟ್ಟೆ ಹಾಕಿ ಹೊಲಿದಿದ್ದಳು.

"ವರ್ಷಾನುಗಟ್ಟಲೆ ಆ ಮಗೂ ಹೊಟ್ಟೆ ಲೆಕ್ಕದಲ್ಲಿ ನಿಮಗೆ ಬಡಿಸಿದೀನಿ. ನೋಡ್ದೆ ಹೋಗಲ್ಲ ನಾನು. ನಿಧಾನಕ್ಕೆ ಓಡಿಸಿ," ಅಂದಳು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ತೀರಾ ನಿಧಾನಕ್ಕೂ ಬೇಡ."

ಹೆಲ್ಮೆಟ್ಟನ್ನ ಎದೆಗೆ ಒತ್ತಿಕೊಂಡು ಗ್ಯಾರೇಜಿಗೆ ವಾಪಸಾಗುವಾಗ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಅದು ಒಳ್ಳೇ ತೀರ್ಮಾನವಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೆ ಒಳ್ಳೇ ತೀರ್ಮಾನ ಮಾಡುವಷ್ಟು ಆಸೆ ಕಮ್ಮಿಯಿರಲಿಲ್ಲ.

ರೇಸಿಗೆ ಮುಂಚೆ ಕಾರುಗಳೆಲ್ಲ ಸಾಲಾಗಿ ನಿಂತಾಗ ಹುಡುಗಿಯ ಬೆಲ್ಟು ಬಿಗಿಯೋ ಕೆಲಸ ಮೂಟೆಯದು. ಎಲ್ಲಿ ಒತ್ತುತ್ತೆ, ಎಲ್ಲಿ ಕಚ್ಚುತ್ತೆ ಅಂತ ಅವನ ಮೈಗೇ ಗೊತ್ತಲ್ಲ. ಧಣಿಗಳು ಬಂದು ನುಗ್ಗು ಅಂದು ಹೋದರು. ಹೆಡ್ ಮೆಕ್ಯಾನಿಕ್ ಬಂದು ಮುಷ್ಟಿ ತೋರಿಸಿ ಹೋದ. ಎಲ್ಲರೂ ಹೋದ ಮೇಲೆ ಮೂಟೆ ಬಗ್ಗಿ ಅವಳ ಹೆಲ್ಮೆಟ್ಟಿನ ಹತ್ತಿರ ಬಾಯಿಟ್ಟ.

"ಪುಟ್ಟೀ, ಹಿಂದಿನ ಎಡಚಕ್ರದ ಕಡೆ ಏನೋ ಮೆತ್ತಗಿದೆ. ಬೆಳಿಗ್ಗೆ ಕೂತಾಗ ನನ್ನ ಬೆನ್ನಿಗೆ ಗೊತ್ತಾಯ್ತು. ಟೈರನ್ನ ಸಾಕ್ಕೊಂಡು ಹೋಗು, ಸವೀದ ಹಾಗೆ. ಯಾರ ಜೊತೇನೂ ಗುದ್ದಾಟಕ್ಕೆ ಹೋಗ್ಬೇಡ."

ಹುಡುಗಿಯ ಕಣ್ಣು ಅಗಲವಾದವು. "ಮೆಕ್ಯಾನಿಕ್ ಅಣ್ಣಂಗೆ ಹೇಳಿದ್ರಾ ಮಾಮ?"

"ಹೇಳಿದ್ರೆ ಕಾರನ್ನ ವಾಪಸ್ ತಳ್ಳಿಸ್ತಾನೆ. ನಮ್ಮಿಬ್ಬರಲ್ಲೇ ಇರ್ಲಿ."

ಅವನ ಬೆನ್ನಿಗೆ ಏನೂ ಗೊತ್ತಾಗಿರಲಿಲ್ಲ. ಆ ಬೆನ್ನಿಗೆ ಅಷ್ಟು ವಿದ್ಯೆ ಇದ್ದಿದ್ದರೆ ಅದು ಸ್ಟೋರಿನಲ್ಲಿ ಯಾಕಿರುತ್ತಿತ್ತು? ಆದರೆ ಹುಡುಗಿ ಅವನನ್ನ ಎಷ್ಟು ನಂಬಿದ್ದಳು ಅಂದ್ರೆ, ಮರುಮಾತಿಲ್ಲದೆ ತಲೆ ಆಡಿಸಿ, ಗವಸು ಹಾಕಿದ ಕೈಯಿಂದ ಅವನ ಕೈ ಒತ್ತಿದಳು. ಮೂಟೆ ನೆಟ್ಟಗಾದಾಗ ಅವನ ಕಿವಿಯೆರಡೂ ಕೆಂಪಗಾಗಿದ್ದವು. ಬಿಸಿಲು ಅಂದುಕೊಂಡರು ಜನ.

ಹಸಿರು ದೀಪ ಬಿತ್ತು. ಮೊದಲ ತಿರುವಿಗೆ ಎಲ್ಲ ಕಾರುಗಳೂ ಸಿನಿಮಾ ಟಿಕೆಟ್ಟಿನ ಕಿಟಕಿಗೆ ನುಗ್ಗಿದ ಹಾಗೆ ನುಗ್ಗಿದವು. ಹುಡುಗಿ ಪಕ್ಕಕ್ಕೆ ಸರಿದು, ಮೊದಲು ನೀವು ಹೋಗಿ ಅನ್ನೋ ಥರ ಎಲ್ಲರಿಗೂ ದಾರಿ ಬಿಟ್ಟಳು. ಎರಡನೇ ಜಾಗದಿಂದ ಹೊರಟವಳು ಏಳನೇ ಜಾಗದಲ್ಲಿ ಬಂದಳು.

ಧಣಿಗಳು ಟೋಪಿ ತೆಗೆದು ನೆಲಕ್ಕೆ ಬಡಿದರು. ಮುಂದಿನ ಸುತ್ತಲ್ಲೂ ಅವಳು ಅದೇ ಜಾಗದಲ್ಲಿ ಬಂದಾಗ ಅದರ ಮೇಲೆ ಕುಣಿದರು. ಹೆಡ್ ಮೆಕ್ಯಾನಿಕ್, ಎಂಜಿನ್ ಹೋಗಿದೆ ಅಂದ, ಅಲ್ಲ ಗೇರು ಹೋಗಿದೆ ಅಂದ, ಕೊನೆಗೆ ಹುಡುಗಿಗೇ ಏನೋ ಆಗಿದೆ ಅಂದ. ಬೇಲಿಯ ಆಚೆಯಿಂದ ಟೈಲರು, ಆ ಕಾರಿಗೆ ಸ್ವಲ್ಪ ಎಣ್ಣೆ ಬಿಡ್ರೀ ಅಂತ ಸಲಹೆ ಕೊಟ್ಟ. ಮೂಟೆ ಟೈರುಗಳ ರಾಶಿಯ ಹಿಂದೆ ಕೂತಿದ್ದ. ಕಾರು ಎದುರಿಗೆ ಹಾದುಹೋದಾಗೆಲ್ಲ ಅವನ ಒಳಗೆ ಇಬ್ಬರು ಮಾತಾಡುತ್ತಿದ್ದರು. ಒಬ್ಬ, ಆಹಾ, ಒಂದು ಗೀಚೂ ಇಲ್ಲ ಅಂತಿದ್ದ. ಇನ್ನೊಬ್ಬ, ಹದಿನಾರು ವರ್ಷದ ಮಗೂಗೆ ಮೋಸ ಮಾಡಿದೆಯಲ್ಲೋ ಪಾಪಿ ಅಂತಿದ್ದ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ಅದೇ ತೊಂದರೆ.

ಅರ್ಧ ರೇಸು ಮುಗಿಯುವ ಹೊತ್ತಿಗೆ ಮೂಟೆ ಎದ್ದು ಧಣಿಗಳ ಹತ್ತಿರ ಹೋದ. ತಪ್ಪು ಒಪ್ಪಿಕೊಂಡು, ಏನಾದರೂ ಮಾಡಿ ಅವಳಿಗೆ ತಿಳಿಸಿ ಅಂತ ಹೇಳೋಕೆ ಬಾಯಿ ತೆರೆದಿದ್ದ. ಧಣಿಗಳು ಸುಮ್ನಿರೋ ಅಂದರು. ಟ್ರ್ಯಾಕಿನ ಕಡೆ ಬೆರಳು ಮಾಡಿದರು.

ಬಿಸಿಲು ನೆತ್ತಿಗೆ ಬಂದಿತ್ತು. ಟಾರು ಕಾದ ಹೆಂಚಾಗಿತ್ತು. ಮೊದಲಿಂದ ಗುದ್ದಾಡಿಕೊಂಡು ಹೋಗುತ್ತಿದ್ದವರ ಟೈರುಗಳು ಸವೆದು, ಕಾರುಗಳು ಸೋಪಿನ ಮೇಲೆ ಕಾಲಿಟ್ಟ ನೆಂಟರ ಹಾಗೆ ಜಾರುತ್ತಿದ್ದವು. ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಮರಳಿಗೆ ಹೋದರು. ಇನ್ನೊಬ್ಬ ತಾನಾಗೇ ಹೋದ. ಹುಡುಗಿ ಮಾತ್ರ, ಸಾಕಿದ ಟೈರಿನ ಮೇಲೆ, ಹಳಿಯ ಮೇಲೆ ರೈಲು ಬಂದ ಹಾಗೆ ಬರುತ್ತಿದ್ದಳು. ಯಾರನ್ನೂ ಮುಟ್ಟಲಿಲ್ಲ, ಯಾರನ್ನೂ ತಳ್ಳಲಿಲ್ಲ. ಅವರು ಜಾರಿದ ಕಡೆ ಇವಳು ಹಾದು ಹೋದಳು, ಅಷ್ಟೇ. ಪಕ್ಕದ ಗ್ಯಾರೇಜಿನ ಹುಡುಗ ಮೊದಲ ಜಾಗ ಉಳಿಸಿಕೊಳ್ಳೋಕೆ ಒದ್ದಾಡಿ, ಒಂದು ತಿರುವಿನಲ್ಲಿ ಪೂರ್ತಿ ಅಡ್ಡ ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತ. ಆ ದಾರಿಯಲ್ಲಿ ಬಂದವಳು ಇವಳು. ಪಕ್ಕದಲ್ಲೇ ಹೋದಳು.

ಕೊನೇ ಬಾವುಟ ಬಿದ್ದಾಗ ಹುಡುಗಿ ಮೊದಲನೆಯವಳು. ದೇಶದ ಚಾಂಪಿಯನ್. ಕಾರಿನ ಮೇಲೆ ಒಂದು ಗೀಚೂ ಇಲ್ಲ.

ಧಣಿಗಳು ಅಳುತ್ತಾ, ತುಳಿದ ಟೋಪಿಯನ್ನೇ ಹಾಕಿಕೊಂಡು ಓಡಿದರು. ಅದು ಹೇಗೆ ಅಷ್ಟು ತಾಳ್ಮೆ ಬಂತಮ್ಮ ನಿಂಗೆ ಅಂತ ಕೇಳಿದಾಗ ಹುಡುಗಿ ಹೆಲ್ಮೆಟ್ ತೆಗೆದು ಹೇಳಿದ್ದು ಒಂದೇ ಮಾತು. ಮೂಟೆ ಮಾಮ ಹೇಳಿದ್ರು, ಟೈರನ್ನ ಸಾಕ್ಕೊಂಡು ಹೋಗು ಅಂತ.

ಎಲ್ಲರೂ ತಿರುಗಿ ಮೂಟೆಯನ್ನ ನೋಡಿದರು. ಹೆಡ್ ಮೆಕ್ಯಾನಿಕ್ ಎಡಚಕ್ರವನ್ನ ಅಲ್ಲಾಡಿಸಿ ನೋಡಿದ, ಬಂಡೆಯ ಹಾಗಿತ್ತು. ಅವನು ಎದ್ದು ಬಂದು ಮೂಟೆಯ ಬೆನ್ನು ತಟ್ಟಿ, ಬೇಕಂತಲೇ ಸುಳ್ಳು ಹೇಳಿ ಗೆಲ್ಲಿಸಿದೆಯಲ್ಲೋ ಮಹಾನುಭಾವ, ಇದು ನಮಗ್ಯಾರಿಗೂ ಹೊಳೀಲಿಲ್ಲ ಅಂದ. ಮೂಟೆ ನೆಲ ನೋಡಿದ. ಜನ ಅದನ್ನ ವಿನಯ ಅಂದುಕೊಂಡರು. ಪಕ್ಕದ ಗ್ಯಾರೇಜಿನ ಯಜಮಾನನೂ ಬಂದು, ಸಾಲ ತಂದ ಆರ್ಮನ್ನ ಎರಡು ತುಂಡಾಗಿ ವಾಪಸ್ ಕೊಟ್ಟು, ನಿಮ್ಮಂಥ ತಲೆ ನಮ್ಮಲ್ಲಿಲ್ಲ ಅಂತ ಕೈ ಕುಲುಕಿ ಹೋದ.

ಮೂಟೆಗೆ ಇದ್ಯಾವುದೂ ಬೇಕಿರಲಿಲ್ಲ. ಗೆದ್ದ ಕಾರುಗಳನ್ನ ಅಧಿಕಾರಿಗಳು ಒಯ್ದು, ಬೀಗ ಹಾಕಿ, ಎಲ್ಲ ನಿಯಮದ ಪ್ರಕಾರ ಇದೆಯಾ ಅಂತ ಬಿಚ್ಚಿ ನೋಡೋದು ಮಾಮೂಲು. ಅವನು ಆ ಬೇಲಿಯ ಹೊರಗೆ, ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡೇ ಕಾಯುತ್ತಾ ನಿಂತ, ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ. ಆ ಕಡೆ ಹುಡುಗಿಗೆ ಕಪ್ ಕೊಟ್ಟರು, ಚಪ್ಪಾಳೆ ಕೇಳಿಸಿತು. ಈ ಕಡೆ ಮೇಷ್ಟ್ರು ಮರದ ನೆರಳಲ್ಲಿ ನಿದ್ದೆ ಮಾಡಿದರು. ಟೈಲರು ಬ್ಯಾನರಿನ ಮಡಿಕೆ ನೇರ ಮಾಡಿದ. ಬಿಸಿಲು ಇಳಿದು ಹಳದಿಯಾಯಿತು. ಕೊನೆಗೆ ಬೀಗ ತೆಗೆದು, ಎಲ್ಲ ಸರಿಯಿದೆ ಅಂತ ಕಾರನ್ನ ಹೊರಗೆ ತಳ್ಳಿದರು.

ಧಣಿಗಳು ಮಾತಿಗೆ ತಪ್ಪುವ ಆಸಾಮಿಯಲ್ಲ. "ಹೋಗೋ, ಹತ್ತು," ಅಂದರು.

ಮೂಟೆ ಹತ್ತಿದ. ಹೆಡ್ ಮೆಕ್ಯಾನಿಕ್ಕೇ ಬೆಲ್ಟು ಬಿಗಿದ. ಸ್ಟಿಯರಿಂಗು ಕೂರಿಸಿದ. ಮೊದಲ ಸಲ ಕಾರಿನ ಮುಂದೆ ಗೋಡೆ ಇರಲಿಲ್ಲ. ಟಾರು ರಸ್ತೆ ಇತ್ತು. ಅದು ಸಂಜೆ ಬೆಳಕಲ್ಲಿ ಹೊಳೆಯುತ್ತಾ ಎಡಕ್ಕೆ ಬಾಗಿ, ಬಲಕ್ಕೆ ಹೊರಳಿ, ದಿಬ್ಬದ ಹಿಂದೆ ಮಾಯವಾಗುತ್ತಿತ್ತು. ಮೂಟೆಯ ಕಣ್ಣು ತುಂಬಿ ಹೆಲ್ಮೆಟ್ಟಿನ ಗಾಜು ಮಂಜಾಯಿತು. ಒರೆಸೋಣ ಅಂತ ಕೈಯೆತ್ತಿದ. ಅಷ್ಟು ತಡವಾಗಿದ್ದೇ ಸಾಕಾಯಿತು.

"ನಿಲ್ಸಿ, ನಿಲ್ಸಿ," ಅಂತ ಹಾಸಿಗೆ ಸಾಹುಕಾರರು ಬಂದರು.

ಇವರು ಯಾರು ಅಂದ್ರೆ, ಈ ತಂಡಕ್ಕೆ ಸೀಸನ್ ಪೂರ್ತಿ ಖರ್ಚು ಕೊಟ್ಟವರು. ಹಾಸಿಗೆ ದಿಂಬಿನ ಕಂಪನಿ ಇವರದು. ಅಷ್ಟು ವೇಗದ ಕಾರಿನ ಮೇಲೆ ಹಾಸಿಗೆಯ ಜಾಹೀರಾತು ಯಾಕೆ ಅಂತ ಯಾರೂ ಅವರನ್ನ ಕೇಳಿರಲಿಲ್ಲ. ಕೊಡೋ ಕೈಯನ್ನ ಯಾರು ಕೇಳ್ತಾರೆ. ಅವರ ಪಕ್ಕದಲ್ಲಿ ಕಪ್ ತಬ್ಬಿಕೊಂಡ ಹುಡುಗಿ. ಸಾಹುಕಾರರು ಏದುಸಿರು ಬಿಡುತ್ತಾ ಹೇಳಿದರು. ಈ ಕಾರು ಇನ್ನು ಓಡಕೂಡದು. ಗೆದ್ದ ಸುತ್ತೇ ಇದರ ಕೊನೇ ಸುತ್ತು. ಧೂಳು ಒರೆಸದೆ, ಟೈರು ಬದಲಾಯಿಸದೆ, ಹೀಗೇ ತಮ್ಮ ಹೊಸ ಶೋರೂಮಿನಲ್ಲಿ, ಗಾಜಿನ ಹಿಂದೆ ಇಡಬೇಕು. ದುಡ್ಡು ಅವರದು, ಕಾರೂ ಅವರದೇ. ಧಣಿಗಳು ಒಂದು ಸಲ ಮೂಟೆಯ ಕಡೆ ನೋಡಿ, ಹುಡುಗಿಗೆ ಕೇಳದ ಹಾಗೆ ದನಿ ತಗ್ಗಿಸಿ, ಒಂದೇ ಒಂದು ಸುತ್ತು ಸ್ವಾಮಿ ಅಂತ ಶುರು ಮಾಡಿದರು. ಸಾಹುಕಾರರು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿಯ ತಲೆ ಸವರಿ ಅಂದರು:

"ಇವತ್ತು ಈ ಮಗು ಏನು ಕೇಳಿದ್ರೂ ಇಲ್ಲ ಅನ್ನಲ್ಲ ನಾನು. ಕೇಳಮ್ಮ, ಏನು ಬೇಕು?"

ಮೂಟೆಯ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಂಡಿತು. ಗಾಜು ಮೇಲೆತ್ತಿ ಹುಡುಗಿಯನ್ನ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಆ ಸೀಟಲ್ಲಿ ಅವನನ್ನ ಕಂಡು ಅವಳಿಗೇನೂ ವಿಚಿತ್ರ ಅನ್ನಿಸಲಿಲ್ಲ. ಸೀಸನ್ ಪೂರ್ತಿ ಕಂಡಿದ್ದೇ ಅಲ್ಲಿ. ಅವನ ಒದ್ದೆ ಕಣ್ಣು ಮಾತ್ರ ಕಂಡಿತು. ಅವಳ ಕಣ್ಣೂ ತುಂಬಿತು. ಅವಳಿಗೆ ಎಲ್ಲ ಅರ್ಥವಾಯಿತು, ಅಂದ್ರೆ ಅವಳು ಹಾಗಂದುಕೊಂಡಳು.

"ನೋಡಿ ಅಂ​ಕಲ್, ಮಾಮ ಕಾರನ್ನ ಬಿಟ್ಟು ಹೋಗೋಕಾಗದೆ ಕೂತಿದಾರೆ," ಅಂದಳು. "ಅವರಿಗೆ ಇದ್ರಲ್ಲಿ ಕೂರೋದು ಅಂದ್ರೆ ಪ್ರಾಣ. ಶೋರೂಮಲ್ಲಿ ಇದರೊಳಗೆ ಯಾವುದೋ ಬೊಂಬೆ ಕೂರಿಸ್ಬೇಡಿ. ಮಾಮನ್ನೇ ಕೂರಿಸಿ. ನಂಗೆ ಅಷ್ಟೇ ಸಾಕು."

ಸಾಹುಕಾರರು ಆ ಮಾತು ಕೇಳಿ ಉಬ್ಬಿಹೋದರು. ಬೊಂಬೆಗಿಂತ ಜೀವಂತ ಮನುಷ್ಯ ಎಷ್ಟೋ ಮೇಲು, ಅದೂ ಹುಡುಗಿಯ ಅಳತೆಗೆ ಮಾಡಿದ ಸೀಟಿನಲ್ಲಿ ಸರಿಯಾಗಿ ಕೂರುವವನು, ಅದೂ ಚಾಂಪಿಯನ್‌ಗೆ ಬುದ್ಧಿ ಹೇಳಿ ಗೆಲ್ಲಿಸಿದವನು. ಮುಂದಿನ ಸೀಸನ್ ಶುರುವಾಗೋ ತನಕ ಗ್ಯಾರೇಜಿನಲ್ಲೂ ಕೆಲಸವಿಲ್ಲವಲ್ಲ ಅಂತ ಹೆಡ್ ಮೆಕ್ಯಾನಿಕ್ ಸೇರಿಸಿದ, ಯಾರೂ ಕೇಳದೆ. ಬೇಲಿಯ ಆಚೆ ಬೀದಿಯವರು ವಿಷಯ ತಿಳಿದು ಚಪ್ಪಾಳೆ ತಟ್ಟಿದರು. ಶೋರೂಮಿಗೆ ತಾನೇ ಪರದೆ ಹೊಲಿದು ಕೊಡ್ತೀನಿ ಅಂತ ಟೈಲರು ಅಲ್ಲೇ ಸಾಹುಕಾರರನ್ನ ಹಿಡಿದುಕೊಂಡ. ಮೂಟೆಯ ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗಂಡನ ಹೆಲ್ಮೆಟ್ಟನ್ನೇ ನೋಡುತ್ತಾ ನಿಂತಿದ್ದಳು.

ಹುಡುಗಿ ಓಡಿ ಬಂದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಸರಿಯಾಗಿ ಕೇಳಿದ್ನಾ ಮಾಮ?"

ಮೂಟೆಯ ಬಾಯಲ್ಲಿ ಎರಡು ಮಾತಿದ್ದವು. ಒಂದು ರೇಸಿಗೆ ಮುಂಚೆ ಹೇಳಿದ ಸುಳ್ಳಿನದು, ಇನ್ನೊಂದು ವರ್ಷದಿಂದ ಹೇಳದೇ ಇದ್ದ ನಿಜದ್ದು. ಒಂದನ್ನ ಬಿಚ್ಚದೆ ಇನ್ನೊಂದನ್ನ ಬಿಚ್ಚೋಕೆ ಬರುತ್ತಿರಲಿಲ್ಲ. ಹುಡುಗಿಯ ಮುಖ ದೀಪ ಹಚ್ಚಿದ ಹಾಗಿತ್ತು.

"ಸರಿಯಾಗೇ ಕೇಳಿದೆ ಪುಟ್ಟಿ," ಅಂದ.

ಅವನನ್ನ ಇಳಿಸೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಹಾಗೇ ತಳ್ಳಿಕೊಂಡು ಹೋಗಿ, ಹಲಗೆ ಇಟ್ಟು, ಅವನ ಸಮೇತ ಟ್ರಕ್ಕಿಗೆ ಹತ್ತಿಸಿದರು.

ಈಗಲೂ ನೀವು ಆ ಹಾಸಿಗೆ ಅಂಗಡಿಯ ಮುಂದೆ ಹೋದರೆ ನೋಡಬಹುದು. ಗಾಜಿನ ಹಿಂದೆ, ಡಬಲ್ ಮಂಚಗಳ ನಡುವೆ, ಧೂಳು ಹಿಡಿದ ಕಾರು. ಅದರೊಳಗೆ ಹೆಲ್ಮೆಟ್ ಹಾಕಿಕೊಂಡು ಅಲ್ಲಾಡದೆ ಕೂತ ಮನುಷ್ಯ. ದಿಂಬು ಕೊಳ್ಳೋಕೆ ಬಂದವರು ಅವನ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ತಾರೆ, ಎಷ್ಟು ಚೆನ್ನಾಗಿ ಮಾಡಿದಾರೆ ನೋಡು ಬೊಂಬೇನ ಅಂತಾರೆ. ಎದುರಿನ ರಸ್ತೆಯಲ್ಲಿ ಬಸ್ಸು, ಸೈಕಲ್ಲು, ತರಕಾರಿ ಗಾಡಿ ಒಂದೊಂದಾಗಿ ಅವನನ್ನ ಹಿಂದೆ ಹಾಕಿ ಹೋಗ್ತಾವೆ. ಆ ಕಾರಲ್ಲಿ ಕಾಲು ಮೂತಿಯ ಒಳಗಿರೋದರಿಂದ ಹೊರಗಿನವರಿಗೆ ಕಾಣಲ್ಲ. ಕಂಡಿದ್ದರೆ ಗೊತ್ತಾಗುತ್ತಿತ್ತು, ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಮುಚ್ಚುವ ತನಕ ಅವನ ಬಲಗಾಲು ಆಕ್ಸಿಲರೇಟರನ್ನ ಪೂರ್ತಿ ಒತ್ತಿ ಹಿಡಿದಿರುತ್ತೆ.